ಜಾವಾಸ್ಕ್ರಿಪ್ಟ್‌ನಿಂದ ಎಚ್‌ಟಿಟಿಪಿ ರಿಕ್ವೆಸ್ಟ್: ಕಲಬುರಗಿಯ ಸಂಜೆ ತರಗತಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಸಂಜೆ ಹೊತ್ತು ಜಾವಾಸ್ಕ್ರಿಪ್ಟ್ ಕಲಿಸುತ್ತೇನೆ. ಸೇಡಂ, ಆಳಂದ, ಹುಮನಾಬಾದ್, ಶಹಾಪುರ ಕಡೆಯ ಮಕ್ಕಳು ಬರುತ್ತಾರೆ. ಕೊನೆಯ ಬಸ್ಸಿಗೆ ಓಡುವ ಅವಸರದಲ್ಲಿ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಉಳಿದದ್ದನ್ನು ಬಸ್ಸಿನಲ್ಲಿ ಕೂತು ಬರೆದು ಕಳಿಸುತ್ತಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಆದಷ್ಟು ಅವರ ಮಾತಿನಲ್ಲೇ, ಇಲ್ಲಿ ಕೂಡಿಸಿದ್ದೇನೆ. ಅಭ್ಯಾಸಕ್ಕೆ ಎಲ್ಲರೂ ಕಟ್ಟುವುದು ಒಂದೇ ಪುಟ: ಜಿಲ್ಲೆ ಆರಿಸಿದರೆ ಅಲ್ಲಿನ ಮಾರುಕಟ್ಟೆಯ ತೊಗರಿ ಧಾರಣೆಯನ್ನು ತೋರಿಸುವ ಪುಟ. ಬಳಸುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆಕ್ಸಿಯೋಸ್, ರಿಕ್ವೆಸ್ಟ್ ಕಳಿಸುವ ಕೆಲಸ ಅದರದು. ಆಕ್ಸಿಯೋಸ್.ಗೆಟ್ ಎಂಬಂಥ ಹೆಸರುಗಳನ್ನು ಓದಿಕೊಳ್ಳಲು ಅನುಕೂಲವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಕೋಡ್‌ನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

## ಮೊದಲ ವಾರದ ಪ್ರಶ್ನೆಗಳು

ಮೇಡಂ, ರಿಕ್ವೆಸ್ಟ್ ಕಳಿಸುವುದು ಎಂದರೆ ನಿಜವಾಗಿ ಏನನ್ನು ಕಳಿಸುತ್ತೇವೆ?

ಕೆಲವು ಸಾಲುಗಳ ಬರಹವನ್ನು. ತಹಶೀಲ್ದಾರ್ ಕಚೇರಿಗೆ ಕೊಡುವ ಅರ್ಜಿಯನ್ನು ನೆನಪಿಸಿಕೊಳ್ಳಿ: ಇಂದ, ಗೆ, ವಿಷಯ, ಆಮೇಲೆ ಒಕ್ಕಣೆ, ಕೊನೆಗೆ ಲಗತ್ತು. ಬ್ರೌಸರ್ ಮತ್ತು ಸರ್ವರ್ (ಮಾಹಿತಿ ಇಟ್ಟು ಕೇಳಿದವರಿಗೆ ಕೊಡುವ ಕಂಪ್ಯೂಟರ್) ಮಾತಾಡುವ ರೀತಿಯಾದ ಎಚ್‌ಟಿಟಿಪಿಗೂ ಇಂಥದ್ದೇ ಒಂದು ಕಟ್ಟುನಿಟ್ಟಾದ ನಮೂನೆ ಇದೆ. ಮೊದಲ ಸಾಲಿನಲ್ಲಿ ಮೂರು ಸಂಗತಿ: ಆಗಬೇಕಾದ ಕೆಲಸ (ತರಲು ಗೆಟ್, ಕಳಿಸಲು ಪೋಸ್ಟ್ ಇತ್ಯಾದಿ), ವಿಳಾಸದ ದಾರಿ, ಆವೃತ್ತಿ. ಅದರ ಕೆಳಗೆ ಹೆಡರ್‌ಗಳು, ಅಂದರೆ ರಿಕ್ವೆಸ್ಟ್ ಬಗೆಗಿನ ವಿವರಗಳು, ಸಾಲಿಗೊಂದರಂತೆ. ಆಮೇಲೆ ಒಂದು ಖಾಲಿ ಸಾಲು. ಕಳಿಸಬೇಕಾದ ಮಾಹಿತಿ ಇದ್ದರೆ ಅದು ಖಾಲಿ ಸಾಲಿನ ಕೆಳಗೆ, ಬಾಡಿಯಲ್ಲಿ. ಮರಳಿ ಬರುವ ಉತ್ತರಕ್ಕೂ ಇದೇ ರಚನೆ. ಅದರ ಮೊದಲ ಸಾಲಿನಲ್ಲಿ ಕೆಲಸದ ಹೆಸರಿನ ಬದಲು 200 (ಸರಿ), 404 (ಕೇಳಿದ್ದು ಸಿಗಲಿಲ್ಲ), 500 (ಸರ್ವರ್ ಎಡವಿತು) ಇಂಥ ಒಂದು ಸಂಖ್ಯೆ, ಅಂದರೆ ಸ್ಟೇಟಸ್, ಇರುತ್ತದೆ.

1.1ನೇ ಆವೃತ್ತಿಯವರೆಗೂ ಇದು ಕಣ್ಣಿನಿಂದ ಓದಬಹುದಾದ ಪಠ್ಯ. 2015ರಲ್ಲಿ ಬಂದ ಎಚ್‌ಟಿಟಿಪಿ 2 ಅದನ್ನೇ ಯಂತ್ರಕ್ಕೆ ಹಗುರಾಗುವಂತೆ ಬೈನರಿ ರೂಪಕ್ಕೆ ತಿರುಗಿಸಿತು, ಅರ್ಥ ಬದಲಾಗಲಿಲ್ಲ. ಲೈಬ್ರರಿ ಕಲಿಯುವ ಮುಂಚೆ ಒಂದು ಕೆಲಸ ಮಾಡಿ: ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಕಡೆ ಹೋಗಿ, ಯಾವುದಾದರೂ ಸುದ್ದಿ ತಾಣವನ್ನು ತೆರೆದು ಒಂದೊಂದು ರಿಕ್ವೆಸ್ಟನ್ನೂ ಬಿಚ್ಚಿ ನೋಡಿ. ಒಂದು ಸಂಜೆ ಹೀಗೆ ಕಳೆದವರು ಮುಂದಿನ ಅರ್ಧ ಪ್ರಶ್ನೆಗಳನ್ನು ಕೇಳುವುದೇ ಇಲ್ಲ.

ಬ್ರೌಸರ್‌ನಲ್ಲಿ ಫೆಚ್ ಇದ್ದೇ ಇದೆಯಲ್ಲ, ಮತ್ತೆ ಆಕ್ಸಿಯೋಸ್ ಯಾಕೆ?

ಆಕ್ಸಿಯೋಸ್ 2014ರಲ್ಲಿ ಬಂದಾಗ ಫೆಚ್ (ರಿಕ್ವೆಸ್ಟ್ ಕಳಿಸಲು ಬ್ರೌಸರ್ ತಾನೇ ಕೊಡುವ ಫಂಕ್ಷನ್) ಇನ್ನೂ ಬ್ರೌಸರ್‌ಗಳಿಗೆ ಬಂದಿರಲಿಲ್ಲ; ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು 2015ರಲ್ಲಿ ಸೇರಿಸಿಕೊಂಡವು. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಫೆಚ್ ತಾನಾಗಿಯೇ ಸಿಗತೊಡಗಿದ್ದು 2022ರ 18ನೇ ಆವೃತ್ತಿಯಿಂದ. ಅಷ್ಟು ಹೊತ್ತಿಗೆ ಆಕ್ಸಿಯೋಸ್ ಬ್ರೌಸರ್‌ಗೂ ಸರ್ವರ್‌ಗೂ ಒಂದೇ ಬರವಣಿಗೆಯಲ್ಲಿ ಕೆಲಸ ಮಾಡುವ ಸಾಧನವಾಗಿ ಬೇರೂರಿತ್ತು.

ಇವತ್ತಿಗೂ ಅದನ್ನು ಕಲಿಸಲು ನನಗಿರುವ ದೊಡ್ಡ ಕಾರಣ ಇದು: ಸರ್ವರ್ 404 ಅಥವಾ 500 ಎಂದು ಉತ್ತರಿಸಿದರೂ ಫೆಚ್ ಅದನ್ನು ಯಶಸ್ಸೆಂದೇ ಕೈಗಿಡುತ್ತದೆ. ‘ಓಕೆ’ ಎಂಬ ಗುಣವನ್ನು ನೀವೇ ನೋಡಬೇಕು, ನೋಡಲು ಹೊಸಬರು ಮರೆಯುತ್ತಾರೆ. ಆಕ್ಸಿಯೋಸ್ 200ರಿಂದ 299ರ ಹೊರಗಿನ ಯಾವ ಸಂಖ್ಯೆ ಬಂದರೂ ಅದನ್ನು ದೋಷವೆಂದು ಕ್ಯಾಚ್‌ಗೆ, ಅಂದರೆ ಕೋಡ್‌ನಲ್ಲಿ ದೋಷ ಹಿಡಿಯುವ ಭಾಗಕ್ಕೆ, ದೂಡುತ್ತದೆ. ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಬಿಚ್ಚುವುದು, ಟೈಮ್‌ಔಟ್ (ಕಾಯುವ ಮಿತಿ), ಇಂಟರ್‌ಸೆಪ್ಟರ್ (ಹೋಗಿಬರುವ ಪ್ರತಿಯೊಂದನ್ನೂ ನಡುವೆ ನೋಡುವ ಫಂಕ್ಷನ್), ಅಪ್‌ಲೋಡ್ ಎಷ್ಟಾಯಿತೆಂದು ಹೇಳುವುದು ಎಲ್ಲವೂ ಅದರಲ್ಲೇ ಇವೆ. ಎರಡು ಮೂರು ರಿಕ್ವೆಸ್ಟ್ ಇರುವ ಚಿಕ್ಕ ಪುಟಕ್ಕೆ ಮಾತ್ರ ಫೆಚ್ ಸಾಕು. ಅಲ್ಲಿ ಇನ್ನೊಂದು ಲೈಬ್ರರಿಯ ಭಾರವನ್ನು ಓದುಗರ ಡೇಟಾ ಪ್ಯಾಕ್ ಮೇಲೆ ಹೇರಬೇಡಿ.

ಧಾರಣೆ ಕೇಳಿದರೆ ಕನ್ಸೋಲ್‌ನಲ್ಲಿ ‘ಪ್ರಾಮಿಸ್, ಪೆಂಡಿಂಗ್’ ಎಂದು ಬರುತ್ತದೆ. ಧಾರಣೆ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ಇನ್ನೂ ಬಂದಿಲ್ಲ. ರಿಕ್ವೆಸ್ಟ್ ಕಳಿಸಿದ ಕೂಡಲೇ ನಿಮ್ಮ ಕೈಗೆ ಸಿಗುವುದು ಪ್ರಾಮಿಸ್ ಮಾತ್ರ. ಅಡತ್ ಅಂಗಡಿಯಲ್ಲಿ ಚೀಲ ಇಳಿಸಿದಾಗ ಕೈಗೆ ಚೀಟಿ ಕೊಡುತ್ತಾರೆ, ದುಡ್ಡು ಆಮೇಲೆ ಬರುತ್ತದೆ. ನೀವು ಚೀಟಿಯನ್ನೇ ದುಡ್ಡೆಂದು ಎಣಿಸಲು ಹೊರಟಿದ್ದೀರಿ. ಆಕ್ಸಿಯೋಸ್.ಗೆಟ್‌ಗಿಂತ ಮೊದಲು ‘ಅವೇಟ್’ ಬರೆಯಿರಿ, ಅದನ್ನು ಒಳಗೊಂಡ ಫಂಕ್ಷನ್‌ಗಿಂತ ಮೊದಲು ‘ಎಸಿಂಕ್’ ಬರೆಯಿರಿ.

ರೆಸ್ಪಾನ್ಸ್ ಒಳಗೆ ನೋಡಿದರೆ ಡೇಟಾ, ಅದರೊಳಗೆ ಮತ್ತೆ ಡೇಟಾ. ಇದೇನು ತಪ್ಪೇ?

ತಪ್ಪಲ್ಲ. ಹೊರಗಿನ ಡೇಟಾ ಆಕ್ಸಿಯೋಸ್ ಇಟ್ಟ ಹೆಸರು; ಸ್ಟೇಟಸ್, ಹೆಡರ್ಸ್, ಕಾನ್ಫಿಗ್ ಇವುಗಳ ಜೊತೆ ಅದೂ ಇರುತ್ತದೆ. ಒಳಗಿನದು ಸರ್ವರ್ ಬರೆದವರು ಇಟ್ಟ ಹೆಸರು.

ಪಟ್ಟಿ ಬರಬೇಕಿತ್ತು. ‘ಮ್ಯಾಪ್ ಎಂಬ ಫಂಕ್ಷನ್ ಇಲ್ಲ’ ಎಂದು ದೋಷ ಬರುತ್ತದೆ, ಆದರೆ ಸ್ಟೇಟಸ್ 200 ಇದೆ!

ಬಂದ ಡೇಟಾದ ಮೊದಲ ನೂರು ಅಕ್ಷರಗಳನ್ನು ಕನ್ಸೋಲ್‌ನಲ್ಲಿ ಹಾಕಿ ನೋಡಿ. ಹೆಚ್ಚಿನ ಸಲ ಅಲ್ಲಿರುವುದು ಒಂದು ಎಚ್‌ಟಿಎಂಎಲ್ ಪುಟ. ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರೆ ಕೆಲವು ಸರ್ವರ್‌ಗಳು 404 ಹೇಳುವ ಬದಲು ಮುಖಪುಟವನ್ನೇ 200ರ ಜೊತೆ ಕಳಿಸುತ್ತವೆ. ಆಕ್ಸಿಯೋಸ್ ಅದನ್ನು ಜೇಸನ್ ಎಂದು ಬಿಚ್ಚಲು ನೋಡಿ, ಆಗದಿದ್ದಾಗ ಮೌನವಾಗಿ ಅಕ್ಷರಮಾಲೆಯಾಗಿಯೇ ಉಳಿಸುತ್ತದೆ. ಈ ಮೌನ ನನಗೆ ಹಿಡಿಸುವುದಿಲ್ಲ. ಬಂದದ್ದು ಪಟ್ಟಿಯೇ ಹೌದೇ ಎಂದು ಅರೇ.ಈಸ್‌ಅರೇ ಮೂಲಕ ಪರೀಕ್ಷಿಸಿ ಮುಂದುವರಿಯುವುದನ್ನು ರೂಢಿ ಮಾಡಿಕೊಳ್ಳಿ.

ಪೋಸ್ಟ್‌ನಲ್ಲಿ ಟೋಕನ್ (ಲಾಗಿನ್ ಆದಾಗ ಸರ್ವರ್ ಕೊಟ್ಟ ಗುರುತು) ಹಾಕಿದ್ದೇನೆ, ಆದರೂ 401 ಬರುತ್ತದೆ. ಗೆಟ್‌ನಲ್ಲಿ ಅದೇ ಟೋಕನ್ ನಡೆಯುತ್ತದೆ.

ಹೆಡರ್ಸ್ ಅನ್ನು ಎಷ್ಟನೆಯ ಜಾಗದಲ್ಲಿ ಕೊಟ್ಟಿದ್ದೀರಿ? ಗೆಟ್‌ಗೆ ಎರಡನೆಯದೇ ಕಾನ್ಫಿಗ್, ಅಂದರೆ ಹೆಡರ್ಸ್, ಟೈಮ್‌ಔಟ್‌ನಂಥ ಹೊಂದಿಕೆಗಳು. ಪೋಸ್ಟ್, ಪುಟ್, ಪ್ಯಾಚ್‌ಗಳಿಗೆ ಎರಡನೆಯದು ಕಳಿಸುವ ಮಾಹಿತಿ, ಮೂರನೆಯದು ಕಾನ್ಫಿಗ್. ಎರಡನೆಯ ಜಾಗದಲ್ಲಿ ಹೆಡರ್ಸ್ ಇಟ್ಟರೆ ನಿಮ್ಮ ಟೋಕನ್ ಬಾಡಿಯ ಒಳಗೆ ಸಾಮಾನ್ಯ ಮಾಹಿತಿಯಂತೆ ಹೋಗಿ ಕೂರುತ್ತದೆ. ಕಳಿಸಲು ಏನೂ ಇಲ್ಲದಿದ್ದರೂ ಖಾಲಿ ಪುಷ್ಪಾವರಣ {} ಅನ್ನೋ ನಲ್ ಅನ್ನೋ ಎರಡನೆಯ ಜಾಗದಲ್ಲಿಟ್ಟು ಮುಂದಕ್ಕೆ ಹೋಗಿ. ಇನ್ನೊಂದು ಮಾತು: 401 ಎಂದರೆ ‘ನೀನು ಯಾರೆಂದು ಗೊತ್ತಾಗಲಿಲ್ಲ’, 403 ಎಂದರೆ ‘ಯಾರೆಂದು ಗೊತ್ತು, ಆದರೆ ಈ ಕೆಲಸಕ್ಕೆ ಅನುಮತಿ ಇಲ್ಲ’. ಮೊದಲನೆಯದಕ್ಕೆ ಮತ್ತೆ ಲಾಗಿನ್ ಮಾಡಿಸಬೇಕು. ಎರಡನೆಯದಕ್ಕೆ ಎಷ್ಟು ಸಲ ಲಾಗಿನ್ ಮಾಡಿಸಿದರೂ ಪ್ರಯೋಜನವಿಲ್ಲ.

## ಕನ್ನಡ, ತಾರೀಖು, ಊರಿನ ಹೆಸರು

ಯುಆರ್‌ಎಲ್‌ನಲ್ಲಿ ಕಲಬುರಗಿ ಎಂದು ಕನ್ನಡದಲ್ಲೇ ಹಾಕಿದರೆ ಶೇಕಡಾ ಚಿಹ್ನೆಗಳ ರಾಶಿ ಬರುತ್ತದೆ. ಕೆಟ್ಟುಹೋಯಿತೇ?

ಕೆಟ್ಟಿಲ್ಲ. ಯುಆರ್‌ಎಲ್ ಒಳಗೆ ಕೆಲವೇ ಅಕ್ಷರ, ಅಂಕಿ, ಚಿಹ್ನೆಗಳಿಗೆ ಜಾಗ. ಉಳಿದ ಲಿಪಿಗಳೆಲ್ಲ ಬೈಟ್‌ಗಳಾಗಿ ಒಡೆದು, ಪ್ರತಿ ಬೈಟ್‌ಗೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳ ವೇಷ ಹಾಕಿಕೊಂಡು ಹೋಗಬೇಕು. ‘ಕಲಬುರಗಿ’ಯನ್ನು ಬಿಡಿಸಿ ನೋಡೋಣ. ನಮ್ಮ ಕಣ್ಣಿಗೆ ಐದು ಅಕ್ಷರ: ಕ, ಲ, ಬು, ರ, ಗಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಏಳು ಸಂಕೇತ, ಏಕೆಂದರೆ ಬು ಎಂಬಲ್ಲಿ ಬ ಮತ್ತು ಉಕಾರ ಬೇರೆ ಬೇರೆ, ಗಿ ಎಂಬಲ್ಲಿ ಗ ಮತ್ತು ಗುಡಿಸು ಬೇರೆ ಬೇರೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್, ಅಂದರೆ 21 ಬೈಟ್. ಪ್ರತಿ ಬೈಟ್ ಮೂರು ಅಕ್ಷರವಾಗುವುದರಿಂದ ಯುಆರ್‌ಎಲ್‌ನಲ್ಲಿ 63 ಅಕ್ಷರ. ‘ಲೆಂತ್’ ಕೇಳಿದರೆ ಜಾವಾಸ್ಕ್ರಿಪ್ಟ್ 7 ಎನ್ನುತ್ತದೆ. ಐದು, ಏಳು, ಇಪ್ಪತ್ತೊಂದು, ಅರವತ್ಮೂರು: ನಾಲ್ಕೂ ಸರಿ, ಎಣಿಸುತ್ತಿರುವುದು ಬೇರೆ ಬೇರೆ. ‘ಹೆಸರು ಹತ್ತು ಅಕ್ಷರ ಮೀರಬಾರದು’ ಎಂಬ ನಿಯಮ ಬರೆಯುವವರು ಇದನ್ನು ನೆನಪಿಡಬೇಕು. ಆ ನಿಯಮದಿಂದ ಮೊದಲು ಪೆಟ್ಟು ತಿನ್ನುವುದು ಕನ್ನಡದ ಹೆಸರುಗಳೇ.

ಈ ಒಡೆಯುವ ಕೆಲಸವನ್ನು ನೀವು ಮಾಡಬೇಡಿ. ಊರಿನ ಹೆಸರನ್ನು ಕಾನ್ಫಿಗ್‌ನ ‘ಪ್ಯಾರಮ್ಸ್’ ಒಳಗೆ ಹಾಗೆಯೇ ಕೊಟ್ಟರೆ ಆಕ್ಸಿಯೋಸ್ ನೋಡಿಕೊಳ್ಳುತ್ತದೆ. ನೀವೂ ಒಮ್ಮೆ ಎನ್‌ಕೋಡ್ ಮಾಡಿ, ಅದೂ ಒಮ್ಮೆ ಮಾಡಿದರೆ ಶೇಕಡಾ ಚಿಹ್ನೆಯೇ %25 ಆಗಿ, ಸರ್ವರ್‌ಗೆ ಊರಿನ ಹೆಸರಿನ ಬದಲು ಕಸ ತಲುಪುತ್ತದೆ. ಹೆಡರ್‌ಗಳಲ್ಲಂತೂ ಕನ್ನಡ ಹಾಕಲೇಬೇಡಿ, ಅವು ಅದಕ್ಕಾಗಿ ಮಾಡಿದ ಜಾಗವಲ್ಲ. ಬಳಕೆದಾರರ ಹೆಸರನ್ನು ಬಾಡಿಯಲ್ಲಿ ಕಳಿಸಿ.

ಬೀದರ್ ಎಂದು ಹುಡುಕಿದರೆ ಒಬ್ಬರ ಮೊಬೈಲ್‌ನಲ್ಲಿ ಸಿಗುತ್ತದೆ, ಇನ್ನೊಬ್ಬರ ಮೊಬೈಲ್‌ನಲ್ಲಿ ಸಿಗುವುದಿಲ್ಲ. ಎರಡೂ ಕಡೆ ಅಕ್ಷರ ಒಂದೇ ರೀತಿ ಕಾಣುತ್ತದೆ!

ನನಗೆ ಬಹಳ ಇಷ್ಟವಾದ ಪ್ರಶ್ನೆ, ಏಕೆಂದರೆ ಇಂಗ್ಲಿಷ್‌ನಲ್ಲಷ್ಟೇ ಕೋಡ್ ಬರೆಯುವವರಿಗೆ ಇದು ಎದುರಾಗುವುದೇ ಅಪರೂಪ.

ಎರಡು ಕಾರಣ ಇರಬಹುದು. ‘ಬೀ’ಯ ದೀರ್ಘ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣದು, ಹೋಲಿಸಿದರೆ ಬೇರೆ ಬೇರೆ. ಇದಕ್ಕೆ ‘ನಾರ್ಮಲೈಸ್’ ಎಂಬ ಫಂಕ್ಷನ್ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ. ಕಳಿಸುವ ಮುಂಚೆ ಒಮ್ಮೆ ಓಡಿಸಿ. ಎರಡನೆಯ ಕಾರಣ ಇನ್ನೂ ಸೂಕ್ಷ್ಮ. ‘ಬೀದರ್‌ನಲ್ಲಿ’ ಎಂದು ಬರೆಯುವಾಗ ರ್ ಮತ್ತು ನ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಅಂಥ ಪದದಿಂದ ‘ಬೀದರ್’ ಅಷ್ಟನ್ನೇ ನಕಲು ಮಾಡಿದರೆ ಆ ಕಾಣದ ಸಂಕೇತವೂ ಬಾಲದಂತೆ ಜೊತೆಗೆ ಬರಬಹುದು. ನಾರ್ಮಲೈಸ್ ಮಾಡಿದ ಮೇಲೂ ಲೆಂತ್ 5 ಇರಬೇಕಾದಲ್ಲಿ 6 ಬಂದರೆ ಕಳ್ಳ ಸಿಕ್ಕಿದನೆಂದೇ ತಿಳಿಯಿರಿ. ನಾರ್ಮಲೈಸ್ ಅದನ್ನು ತೆಗೆಯುವುದಿಲ್ಲ, ಪದದ ಕೊನೆಯಲ್ಲಿದ್ದರೆ ನೀವೇ ಕಿತ್ತುಹಾಕಬೇಕು.

ಇದಲ್ಲದೆ ಹೆಸರುಗಳೇ ಹಲವಿವೆ: ಬೀದರ, ಬೀದರ್, ಯಾದಗಿರಿ, ಯಾದಗೀರ. ನಮ್ಮ ಜಿಲ್ಲೆ 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು, ಅದಕ್ಕೆ ಮುಂಚಿನ ದಾಖಲೆಗಳಲ್ಲಿ ಗುಲ್ಬರ್ಗಾ ಎಂದೇ ಇದೆ. ಹೀಗಾಗಿ ತೋರಿಸುವುದಕ್ಕೆ ಹೆಸರು, ಕೇಳುವುದಕ್ಕೆ ಸಂಖ್ಯೆ ಇರಲಿ. ಪ್ರತಿ ಜಿಲ್ಲೆಗೂ ಬದಲಾಗದ ಒಂದು ಸಂಕೇತಸಂಖ್ಯೆ ಕೊಟ್ಟು ರಿಕ್ವೆಸ್ಟ್‌ನಲ್ಲಿ ಅದನ್ನೇ ಕಳಿಸಿ.

ನಮ್ಮ ಅಪ್ಪ ನಸುಕಿನಲ್ಲಿ ಐದು ಗಂಟೆಗೆ ನೋಡಿದರೆ ನಿನ್ನೆಯ ತಾರೀಖಿನ ಧಾರಣೆ ಬರುತ್ತದೆ. ಆರು ಗಂಟೆಗೆ ಸರಿಹೋಗುತ್ತದೆ. ಯಾಕೆ?

ನೀವು ತಾರೀಖನ್ನು ‘ಟೂಐಎಸ್ಓಸ್ಟ್ರಿಂಗ್’ನಿಂದ ತೆಗೆದು ಮೊದಲ ಹತ್ತು ಅಕ್ಷರ ಕತ್ತರಿಸಿದ್ದೀರಿ. ಅದು ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ನಡುರಾತ್ರಿಯಿಂದ ಬೆಳಗಿನ 5:30ರವರೆಗೆ ಅಲ್ಲಿ ಇನ್ನೂ ನಿನ್ನೆಯೇ. ನಾವು ಕೋಡ್ ಬರೆಯುವುದು ಹಗಲಿನಲ್ಲಿ, ಪರೀಕ್ಷಿಸುವುದೂ ಹಗಲಿನಲ್ಲಿ. ಗಾಡಿಗೆ ಚೀಲ ಏರಿಸಿ ಗಂಜ್‌ಗೆ ಹೊರಡುವವರು ನೋಡುವುದು ನಸುಕಿನಲ್ಲಿ. ವರ್ಷ, ತಿಂಗಳು, ದಿನವನ್ನು ಡೇಟ್‌ನ ಸ್ಥಳೀಯ ಫಂಕ್ಷನ್‌ಗಳಿಂದಲೇ ಪಡೆದು ಜೋಡಿಸಿ. ತಿಂಗಳು ಸೊನ್ನೆಯಿಂದ ಶುರುವಾಗುವುದರಿಂದ ಒಂದು ಕೂಡಿಸಲು ಮರೆಯಬೇಡಿ.

## ತಪ್ಪಿದಾಗ, ತಡವಾದಾಗ

ಊರಲ್ಲಿ ಆ್ಯಪ್ ತೆರೆದರೆ ಚಕ್ರ ತಿರುಗುತ್ತಲೇ ಇರುತ್ತದೆ. ನಿಲ್ಲುವುದೇ ಇಲ್ಲ.

ನಿಲ್ಲಲು ನೀವು ಹೇಳಿಲ್ಲ. ಆಕ್ಸಿಯೋಸ್‌ನಲ್ಲಿ ಟೈಮ್‌ಔಟ್ ಮೊದಲಿಗೆ 0, ಅಂದರೆ ಅದರ ಕಡೆಯಿಂದ ಮಿತಿಯೇ ಇಲ್ಲ. ಮಿತಿ ಹಾಕುವಾಗ ಅದು ಮಿಲಿಸೆಕೆಂಡ್ ಲೆಕ್ಕ. 10 ಎಂದು ಬರೆದು ಹತ್ತು ಸೆಕೆಂಡ್ ಎಂದುಕೊಂಡು ಎಲ್ಲ ರಿಕ್ವೆಸ್ಟ್‌ಗಳೂ ಸಾಯುವುದನ್ನು ನೋಡಿ ಗಾಬರಿಯಾದವರು ಪ್ರತಿ ತಂಡದಲ್ಲೂ ಇರುತ್ತಾರೆ.

ಎಷ್ಟು ಇಡಬೇಕು? ಧಾರಣೆಯಂಥ ಚಿಕ್ಕ ಮಾಹಿತಿಗೆ ನಾನು 15,000 ಇಡುತ್ತೇನೆ. ನಗರದಲ್ಲಿ ಕೂತು ಬರೆದವರು ಮೂರು ಸೆಕೆಂಡ್ ಇಡುವುದುಂಟು. ಚಿಂಚೋಳಿ ಕಡೆಯ ತಾಂಡಾದಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದು ನಿಂತವರಿಗೆ ಮೂರು ಸೆಕೆಂಡ್ ಎಂದರೆ ಬಾಗಿಲು ಮುಚ್ಚಿದಂತೆಯೇ. ಆದರೆ ಆ ಹದಿನೈದು ಸೆಕೆಂಡ್ ಬರಿಯ ಚಕ್ರ ತೋರಿಸಬೇಡಿ. ಹಿಂದೆ ಬಂದ ಧಾರಣೆಯನ್ನು ಮೊಬೈಲ್‌ನಲ್ಲೇ ಉಳಿಸಿಟ್ಟು, ‘ಇದು ನಿನ್ನೆ ಸಂಜೆಯದು, ಹೊಸದನ್ನು ತರುತ್ತಿದ್ದೇವೆ’ ಎಂದು ತಾರೀಖಿನ ಜೊತೆ ತೋರಿಸಿ. ಹಳೆಯದನ್ನು ಹಳೆಯದೆಂದು ಹೇಳಿ ಕೊಟ್ಟರೆ ರೈತರಿಗೆ ಅದೂ ಉಪಯುಕ್ತ. ಹಳೆಯದನ್ನು ಹೊಸದೆಂದು ಕೊಟ್ಟರೆ ಆ ಒಂದು ಸಂಖ್ಯೆಯನ್ನು ನಂಬಿ ಅವರು ಗಾಡಿ ಬಾಡಿಗೆ ಕೊಟ್ಟು ಹೊರಟಿರುತ್ತಾರೆ.

ಕ್ಯಾಚ್ ಒಳಗೆ ಏನು ಬರೆಯಬೇಕು? ನಾನು ‘ಏನೋ ತಪ್ಪಾಗಿದೆ’ ಎಂದು ಹಾಕಿದ್ದೇನೆ.

ಅದನ್ನು ಓದಿದವರು ಮುಂದೇನು ಮಾಡಬೇಕು? ತಪ್ಪುಗಳು ಮೂರು ಬಗೆ, ಆಕ್ಸಿಯೋಸ್ ಅವುಗಳನ್ನು ಬೇರ್ಪಡಿಸಿಯೇ ಕೊಡುತ್ತದೆ. ‘ಎರರ್.ರೆಸ್ಪಾನ್ಸ್’ ಇದ್ದರೆ ಸರ್ವರ್‌ವರೆಗೆ ಮಾತು ಮುಟ್ಟಿದೆ, ಅದು ಬೇಡವೆಂದಿದೆ ಅಥವಾ ಎಡವಿದೆ. ಸ್ಟೇಟಸ್ ಸಂಖ್ಯೆ ನೋಡಿ ನಿರ್ಧರಿಸಿ. ರೆಸ್ಪಾನ್ಸ್ ಇಲ್ಲದೆ ‘ಎರರ್.ರಿಕ್ವೆಸ್ಟ್’ ಮಾತ್ರ ಇದ್ದರೆ ಕಳಿಸಿದ್ದಾಯಿತು, ಉತ್ತರ ಬರಲಿಲ್ಲ: ಸಿಗ್ನಲ್ ಇಲ್ಲ, ಸಮಯ ಮೀರಿತು, ಅಥವಾ ಬ್ರೌಸರ್ ತಡೆಯಿತು. ಎರಡೂ ಇಲ್ಲದಿದ್ದರೆ ರಿಕ್ವೆಸ್ಟ್ ಕಟ್ಟುವ ಹಂತದಲ್ಲೇ ನಿಮ್ಮ ಕೋಡ್ ತಪ್ಪಿದೆ.

ಮೂರಕ್ಕೂ ಮೂರು ಬೇರೆ ಮಾತು ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ‘ಸಿಗ್ನಲ್ ಸಿಗುತ್ತಿಲ್ಲ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಒತ್ತಿ.’ ‘ಈ ಮಾರುಕಟ್ಟೆಯ ಇಂದಿನ ಧಾರಣೆ ಇನ್ನೂ ಬಂದಿಲ್ಲ.’ ‘ನಮ್ಮ ಕಡೆಯ ದೋಷ, ನಿಮ್ಮ ಮೊಬೈಲ್ ಸರಿಯಾಗಿದೆ.’ ಈ ಮೂರನೆಯ ವಾಕ್ಯವನ್ನು ಬರೆಯಲು ಹಿಂಜರಿಯಬೇಡಿ. ಇಂಗ್ಲಿಷ್ ದೋಷಸಂದೇಶ ಕಂಡರೆ ನಮ್ಮ ಕಡೆಯ ಹಿರಿಯರು ತಾವೇ ಏನನ್ನೋ ಕೆಡಿಸಿದೆವೆಂದು ಮೊಬೈಲನ್ನು ಮಗನ ಕೈಗೆ ಕೊಟ್ಟುಬಿಡುತ್ತಾರೆ.

ರಿಕ್ವೆಸ್ಟ್ ಪರೀಕ್ಷಿಸುವ ಪೋಸ್ಟ್‌ಮನ್ ಆ್ಯಪ್‌ನಲ್ಲಿ ಬರುತ್ತದೆ, ಬ್ರೌಸರ್‌ನಲ್ಲಿ ಕಾರ್ಸ್ ಎಂದು ಕೆಂಪು ಸಾಲು ಬರುತ್ತದೆ. ಆಕ್ಸಿಯೋಸ್‌ನಲ್ಲಿ ಏನು ಬದಲಾಯಿಸಬೇಕು?

ಆಕ್ಸಿಯೋಸ್‌ನಲ್ಲಿ ಏನೂ ಇಲ್ಲ. ಒಂದು ತಾಣದ ಪುಟ ಇನ್ನೊಂದು ತಾಣದ ಉತ್ತರವನ್ನು ಓದಬೇಕಾದರೆ ಆ ಇನ್ನೊಂದು ತಾಣ ಒಪ್ಪಬೇಕು. ಒಪ್ಪಿದ್ದನ್ನು ಹೆಡರ್ ಮೂಲಕ ಹೇಳಬೇಕು. ಕಾರ್ಸ್ ಎಂದರೆ ಈ ನಿಯಮ. ಪರೀಕ್ಷಿಸುವವರು ಬ್ರೌಸರ್. ಪೋಸ್ಟ್‌ಮನ್ ಬ್ರೌಸರ್ ಅಲ್ಲದ್ದರಿಂದ ಅದು ಪರೀಕ್ಷಿಸುವುದಿಲ್ಲ. ಜೇಸನ್ ಕಳಿಸುವ ಪೋಸ್ಟ್‌ಗೋ ಆಥರೈಸೇಶನ್ ಹೆಡರ್ ಇರುವ ರಿಕ್ವೆಸ್ಟ್‌ಗೋ ಬ್ರೌಸರ್ ಮೊದಲು ‘ಆಪ್ಷನ್ಸ್’ ಎಂಬ ವಿಚಾರಣೆ ಕಳಿಸಿ, ಒಪ್ಪಿಗೆ ಬಂದ ಮೇಲೆ ನಿಜವಾದದ್ದನ್ನು ಕಳಿಸುತ್ತದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಎರಡೆರಡು ಸಾಲು ಕಾಣುವುದು ಇದಕ್ಕೇ.

ಸರ್ವರ್ ನಿಮ್ಮದಾದರೆ ಅಲ್ಲಿ ಅನುಮತಿ ಬರೆಯಿರಿ. ಬೇರೆಯವರದಾದರೆ ನಿಮ್ಮ ಸರ್ವರ್ ಮೂಲಕ ಕೇಳಿಸಿ. ಬ್ರೌಸರ್‌ನ ಈ ತಡೆಯನ್ನೇ ಆರಿಸುವ ಎಕ್ಸ್‌ಟೆನ್ಶನ್ ಹಾಕಿಕೊಳ್ಳುವುದು ಪರಿಹಾರವಲ್ಲ. ನಿಮ್ಮ ಪುಟ ತೆರೆಯುವ ಬೇರೆ ಯಾರ ಮೊಬೈಲ್‌ನಲ್ಲೂ ಅದು ಇರುವುದಿಲ್ಲ.

ಯಾದಗಿರಿ ಆರಿಸಿದ್ದೇನೆ, ಒಮ್ಮೊಮ್ಮೆ ಬೀದರ್ ಧಾರಣೆ ತೋರಿಸುತ್ತದೆ. ಮತ್ತೆ ಮಾಡಿದರೆ ಸರಿ ಬರುತ್ತದೆ.

ಮೊದಲು ಬೀದರ್ ಒತ್ತಿ, ತಕ್ಷಣ ಯಾದಗಿರಿ ಒತ್ತಿದಿರಿ. ಎರಡು ರಿಕ್ವೆಸ್ಟ್ ಹೊರಟವು. ಯಾದಗಿರಿಯದು ಬೇಗ ಬಂತು, ತೆರೆಯ ಮೇಲೆ ಕೂತಿತು. ಬೀದರಿನದು ತಡವಾಗಿ ಬಂದು ಅದರ ಮೇಲೆ ಕೂತಿತು. ಮೊದಲು ಹೊರಟದ್ದು ಮೊದಲು ಮುಟ್ಟಬೇಕೆಂಬ ನಿಯಮ ನೆಟ್‌ವರ್ಕ್‌ಗೆ ಇಲ್ಲ. ತಲೆಬರಹ ಯಾದಗಿರಿ, ಸಂಖ್ಯೆ ಬೀದರಿನದು: ದೋಷಸಂದೇಶವೂ ಇಲ್ಲದೆ ಸುಳ್ಳು ಹೇಳುವ ಈ ತಪ್ಪನ್ನು ನಾನು ಎಲ್ಲಕ್ಕಿಂತ ಗಂಭೀರವೆಂದು ಎಣಿಸುತ್ತೇನೆ.

ಹೊಸ ರಿಕ್ವೆಸ್ಟ್ ಕಳಿಸುವ ಮುಂಚೆ ಹಳೆಯದನ್ನು ರದ್ದುಗೊಳಿಸಿ. ಪ್ರತಿ ರಿಕ್ವೆಸ್ಟ್‌ಗೂ ರದ್ದುಮಾಡಲು ಹೊಸ ಅಬಾರ್ಟ್‌ಕಂಟ್ರೋಲರ್ ಮಾಡಿ, ಅದರ ‘ಸಿಗ್ನಲ್’ ಎಂಬ ಗುಣವನ್ನು ಕಾನ್ಫಿಗ್‌ನಲ್ಲಿ ಕೊಡಿ, ಮುಂದಿನ ಆಯ್ಕೆಯಾದಾಗ ಹಿಂದಿನದಕ್ಕೆ ಅಬಾರ್ಟ್ ಹೇಳಿ. ರದ್ದಾದದ್ದೂ ಕ್ಯಾಚ್‌ಗೇ ಬರುತ್ತದೆ. ‘ಈಸ್‌ಕ್ಯಾನ್ಸಲ್’ ಎಂದು ನೋಡಿ ಅದನ್ನು ಸುಮ್ಮನೆ ಬಿಡಿ, ಬಳಕೆದಾರರಿಗೆ ತೋರಿಸಬೇಡಿ. ಹಳೆಯ ಪಾಠಗಳಲ್ಲಿ ಕಾಣುವ ಕ್ಯಾನ್ಸಲ್‌ಟೋಕನ್ ಅನ್ನು 0.22ನೇ ಆವೃತ್ತಿಯಿಂದಲೇ ಬಳಸಬೇಡಿ ಎಂದು ಹೇಳಲಾಗಿದೆ.

## ಕೆಲಸಕ್ಕೆ ಸೇರಿದ ಮೇಲೆ ಬರುವ ಪ್ರಶ್ನೆಗಳು

ವಿಫಲವಾದರೆ ತಾನಾಗಿಯೇ ಮೂರು ಸಲ ಪ್ರಯತ್ನಿಸುವಂತೆ ಮಾಡಬಹುದೇ?

ಓದುವ ರಿಕ್ವೆಸ್ಟ್‌ಗೆ ಮಾಡಿ. ಬರೆಯುವ ರಿಕ್ವೆಸ್ಟ್‌ಗೆ ಯೋಚಿಸಿ ಮಾಡಿ.

ನಾನೇ ಮಾಡಿದ ತಪ್ಪನ್ನು ಹೇಳುತ್ತೇನೆ. ಒಂದು ದಾಲ್‌ಮಿಲ್‌ಗೆ ತೊಗರಿಯ ಆವಕ ದಾಖಲಿಸುವ ಪುಟ ಮಾಡಿಕೊಟ್ಟಿದ್ದೆ. ಟೈಮ್‌ಔಟ್ ನಾಲ್ಕು ಸೆಕೆಂಡ್, ಒಟ್ಟು ಮೂರು ಪ್ರಯತ್ನ. ಜನವರಿಯ ಒಂದು ಮಧ್ಯಾಹ್ನ, ಗಾಡಿಗಳು ಸಾಲುಗಟ್ಟಿ ನಿಂತಿದ್ದಾಗ, ಸರ್ವರ್ ನಿಧಾನವಾಯಿತು. ಒಬ್ಬ ರೈತರ 40 ಚೀಲ ಪುಸ್ತಕದಲ್ಲಿ 120 ಎಂದು ಕೂತಿತು. ಪ್ರತಿ ಸಲವೂ ಸರ್ವರ್ ಬರೆದುಕೊಂಡಿತ್ತು. ಉತ್ತರ ಮಾತ್ರ ನಾಲ್ಕು ಸೆಕೆಂಡ್ ದಾಟಿ ಬರುತ್ತಿತ್ತು. ನನ್ನ ಕೋಡ್ ‘ಆಗಲಿಲ್ಲ’ ಎಂದು ತಿಳಿದು ಮತ್ತೆ ಕಳಿಸುತ್ತಿತ್ತು. ಮುನೀಮರು ಸಂಜೆ ಕಾಗದದ ಚೀಟಿಗಳನ್ನು ತಾಳೆ ನೋಡದಿದ್ದರೆ ಆ ಲೆಕ್ಕ ಹಾಗೆಯೇ ಮುಂದೆ ಹೋಗುತ್ತಿತ್ತು.

ಟೈಮ್‌ಔಟ್ ಎಂದರೆ ‘ಆಗಲಿಲ್ಲ’ ಎಂದಲ್ಲ, ‘ಆಯಿತೋ ಇಲ್ಲವೋ ತಿಳಿಯದು’ ಎಂದು. ಗೆಟ್, ಪುಟ್, ಡಿಲೀಟ್‌ಗಳನ್ನು ಎರಡು ಸಲ ಕಳಿಸಿದರೂ ಸರ್ವರ್‌ನ ಸ್ಥಿತಿ ಒಂದೇ ಆಗಿರಬೇಕೆಂದು ಎಚ್‌ಟಿಟಿಪಿಯ ನಿಯಮವೇ ಹೇಳುತ್ತದೆ. ಪೋಸ್ಟ್‌ಗೆ ಆ ಭರವಸೆ ಇಲ್ಲ. ಪೋಸ್ಟ್ ಅನ್ನು ಮತ್ತೆ ಕಳಿಸಬೇಕಾದರೆ ಗುಂಡಿ ಒತ್ತಿದ ಕ್ಷಣದಲ್ಲೇ ಒಂದು ವಿಶಿಷ್ಟ ಗುರುತನ್ನು ಸೃಷ್ಟಿಸಿ, ಎಲ್ಲ ಪ್ರಯತ್ನಗಳಲ್ಲೂ ಅದನ್ನೇ ಕಳಿಸಿ. ಆ ಗುರುತು ಹಿಂದೆ ಬಂದಿದ್ದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಕೊಡಬೇಕು. ನಮ್ಮ ಮಿಲ್ ಪುಟದಲ್ಲಿ ಚೀಟಿಯ ನಂಬರೇ ಆ ಗುರುತಾಯಿತು.

ಪ್ರಯತ್ನಗಳ ನಡುವೆ ಒಂದು, ಎರಡು, ನಾಲ್ಕು ಸೆಕೆಂಡ್ ಎಂದು ಅಂತರ ಹೆಚ್ಚಿಸುತ್ತ ಹೋಗಿ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಸಮಯವನ್ನೂ ಬೆರೆಸಿ. ಇಲ್ಲವಾದರೆ ಕುಸಿದ ಸರ್ವರ್ ಏಳುತ್ತಿದ್ದಂತೆ ಎಲ್ಲ ಮೊಬೈಲ್‌ಗಳೂ ಒಂದೇ ಕ್ಷಣದಲ್ಲಿ ಮೇಲೆ ಬೀಳುತ್ತವೆ. 429 (ತೀರ ಹೆಚ್ಚು ಸಲ ಕೇಳಿದಿರಿ) ಬಂದರೆ ‘ರಿಟ್ರೈ-ಆಫ್ಟರ್’ ಹೆಡರ್ ಇದೆಯೇ ನೋಡಿ, ಅದು ಹೇಳಿದಷ್ಟು ಕಾಯಿರಿ. 400, 403, 404ಕ್ಕೆ ಮರುಪ್ರಯತ್ನ ವ್ಯರ್ಥ.

ಕಲ್ಯಾಣ ಕರ್ನಾಟಕದ ಏಳೂ ಜಿಲ್ಲೆಗಳ ಧಾರಣೆ ಒಟ್ಟಿಗೆ ತರಬೇಕು. ಒಂದು ಕೈಕೊಟ್ಟರೆ ಎಲ್ಲವೂ ಹೋಗುತ್ತದೆ.

ಪ್ರಾಮಿಸ್.ಆಲ್ ಸ್ವಭಾವವೇ ಅದು: ಒಂದು ಬಿದ್ದರೆ ಒಟ್ಟು ಬಿತ್ತು. ಪ್ರಾಮಿಸ್.ಆಲ್‌ಸೆಟಲ್ಡ್ ಬಳಸಿ, ಅದು ಬಂದದ್ದು ಬಂತು, ಬಾರದ್ದು ಬಾರಲಿಲ್ಲ ಎಂದು ಏಳಕ್ಕೂ ಬೇರೆ ಬೇರೆ ಫಲ ಕೊಡುತ್ತದೆ. ಆರು ಜಿಲ್ಲೆ ತೋರಿಸಿ, ಏಳನೆಯದರ ಜಾಗದಲ್ಲಿ ‘ಬಂದಿಲ್ಲ’ ಎಂದು ಬರೆಯಿರಿ. ರಾಜ್ಯದ 31 ಜಿಲ್ಲೆಗಳಿಗೂ ಹೀಗೆಯೇ ಬಿಡಿಬಿಡಿಯಾಗಿ ಕೇಳಲು ಹೋಗಬೇಡಿ. ಎಚ್‌ಟಿಟಿಪಿ 1.1ರಲ್ಲಿ ಕ್ರೋಮ್ ಒಂದು ತಾಣಕ್ಕೆ ಒಮ್ಮೆಗೆ ಆರೇ ಸಂಪರ್ಕ ತೆರೆಯುತ್ತದೆ, ಉಳಿದವು ಸರದಿಯಲ್ಲಿ ನಿಲ್ಲುತ್ತವೆ. ಒಂದೇ ರಿಕ್ವೆಸ್ಟ್‌ನಲ್ಲಿ ಪಟ್ಟಿ ಕೊಡುವಂತೆ ಸರ್ವರ್‌ನವರನ್ನು ಕೇಳಿ. ಹಾಗೆ ಪಟ್ಟಿಯನ್ನು ಪ್ಯಾರಮ್ಸ್‌ನಲ್ಲಿ ಕಳಿಸಿದಾಗ ಆಕ್ಸಿಯೋಸ್ ಹೆಸರಿನ ಕೊನೆಗೆ ಚೌಕ ಆವರಣ ಸೇರಿಸುತ್ತದೆ; ಸರ್ವರ್‌ಗೆ ಅದು ಬೇಡವಾದರೆ ‘ಪ್ಯಾರಮ್ಸ್‌ಸೀರಿಯಲೈಸರ್’ನಲ್ಲಿ ‘ಇಂಡೆಕ್ಸಸ್’ ಅನ್ನು ನಲ್ ಮಾಡಿ.

ಇಂಟರ್‌ಸೆಪ್ಟರ್ ಹಾಕಿದ ಮೇಲೆ ದೋಷ ಬಂದರೂ ಕ್ಯಾಚ್‌ಗೆ ಹೋಗುತ್ತಿಲ್ಲ. ರೆಸ್ಪಾನ್ಸ್ ಅನ್‌ಡಿಫೈನ್ಡ್ ಬರುತ್ತದೆ.

ಇಂಟರ್‌ಸೆಪ್ಟರ್ ಬಾಗಿಲಲ್ಲಿ ನಿಂತ ಕಾವಲುಗಾರ. ಬಂದದ್ದನ್ನು ನೋಡಿ ಮುಂದಕ್ಕೆ ಕೊಡಬೇಕು. ನೀವು ದೋಷವನ್ನು ಕನ್ಸೋಲ್‌ನಲ್ಲಿ ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಏನನ್ನೂ ಮರಳಿಸದ ಫಂಕ್ಷನ್ ಅನ್‌ಡಿಫೈನ್ಡ್ ಮರಳಿಸುತ್ತದೆ, ಪ್ರಾಮಿಸ್ ಅದನ್ನು ಯಶಸ್ಸೆಂದು ತಿಳಿಯುತ್ತದೆ. ಕೊನೆಯಲ್ಲಿ ಪ್ರಾಮಿಸ್.ರಿಜೆಕ್ಟ್ ಮೂಲಕ ದೋಷವನ್ನು ಮತ್ತೆ ಎಸೆಯಿರಿ. ಕಳಿಸುವ ಕಡೆಯ ಇಂಟರ್‌ಸೆಪ್ಟರ್ ಕೂಡ ಕಾನ್ಫಿಗ್ ಅನ್ನು ಮರಳಿಸಲೇಬೇಕು. ಹಲವು ಇದ್ದಾಗ ಕಳಿಸುವ ಕಡೆ ಕೊನೆಗೆ ಸೇರಿಸಿದ್ದು ಮೊದಲು ಓಡುತ್ತದೆ, ಬರುವ ಕಡೆ ಸೇರಿಸಿದ ಕ್ರಮದಲ್ಲೇ ಓಡುತ್ತವೆ.

ಟೋಕನ್ ಅವಧಿ ಮುಗಿದಾಗ ಐದು ರಿಕ್ವೆಸ್ಟ್ ಒಟ್ಟಿಗೆ 401 ಆಗುತ್ತವೆ, ಐದೂ ಹೊಸ ಟೋಕನ್ ಕೇಳುತ್ತವೆ, ಬಳಕೆದಾರ ಲಾಗ್‌ಔಟ್ ಆಗುತ್ತಾನೆ.

ಹೊಸ ಟೋಕನ್ ಕೇಳುವ ಕೆಲಸ ಒಬ್ಬರದೇ ಆಗಿರಲಿ, ಉಳಿದವರು ಅವರಿಗಾಗಿ ಕಾಯಲಿ. ಆ ಕೆಲಸದ ಪ್ರಾಮಿಸನ್ನು ಇಂಟರ್‌ಸೆಪ್ಟರ್‌ನ ಹೊರಗಿನ ಒಂದು ವೇರಿಯಬಲ್‌ನಲ್ಲಿಡಿ. 401 ಬಂದಾಗ ಅಲ್ಲಿ ಪ್ರಾಮಿಸ್ ಇದ್ದರೆ ಅದನ್ನೇ ಅವೇಟ್ ಮಾಡಿ. ಇಲ್ಲದಿದ್ದರೆ ಮಾತ್ರ ಹೊಸದಾಗಿ ಕೇಳಿ. ಮುಗಿದ ಮೇಲೆ, ಗೆದ್ದರೂ ಸೋತರೂ, ಖಾಲಿ ಮಾಡಿ. ಎರಡು ಎಚ್ಚರಿಕೆ ಬೇಕು. ಟೋಕನ್ ಕೇಳುವ ರಿಕ್ವೆಸ್ಟ್ ಆಕ್ಸಿಯೋಸ್.ಕ್ರಿಯೇಟ್‌ನಿಂದ ಮಾಡಿದ ಬೇರೆ ಇನ್‌ಸ್ಟನ್ಸ್‌ನಿಂದ ಹೋಗಬೇಕು. ಅದೇ ಇಂಟರ್‌ಸೆಪ್ಟರ್ ಮೂಲಕ ಹೋದರೆ ತನ್ನ ಬಾಲವನ್ನೇ ನುಂಗುತ್ತದೆ. ಮತ್ತೆ ಕಳಿಸಿದ ರಿಕ್ವೆಸ್ಟ್‌ನ ಕಾನ್ಫಿಗ್ ಮೇಲೆ ಒಂದು ಗುರುತು ಹಾಕಿ, ಎರಡನೆಯ ಸಲವೂ 401 ಬಂದರೆ ನಿಲ್ಲಿಸಿ.

ಬೆಳೆಯ ಫೋಟೊ ಕಳಿಸಿದರೆ ಸರ್ವರ್‌ಗೆ ಖಾಲಿ ಹೋಗುತ್ತದೆ.

ಫೈಲ್ ಕಳಿಸಲು ಬ್ರೌಸರ್‌ನಲ್ಲೇ ಇರುವ ಫಾರ್ಮ್‌ಡೇಟಾ ಬಳಸಿ, ಕಂಟೆಂಟ್-ಟೈಪ್ ಹೆಡರನ್ನು ಕೈಯಿಂದ ಬರೆಯಬೇಡಿ. ಭಾಗಗಳನ್ನು ಬೇರ್ಪಡಿಸುವ ಗಡಿಗುರುತು ಆ ಹೆಡರ್‌ನಲ್ಲೇ ಇರಬೇಕು, ಅದನ್ನು ಬ್ರೌಸರ್ ತಾನೇ ಸೃಷ್ಟಿಸುತ್ತದೆ. ಕಳಿಸುವ ಮುಂಚೆ ಫೋಟೊವನ್ನು ಚಿಕ್ಕದು ಮಾಡಿ, ಈ ರಿಕ್ವೆಸ್ಟ್‌ಗೆ ಟೈಮ್‌ಔಟ್ ಬೇರೆ ಮತ್ತು ದೊಡ್ಡದು ಇಡಿ, ‘ಆನ್‌ಅಪ್‌ಲೋಡ್‌ಪ್ರೋಗ್ರೆಸ್’ನಿಂದ ಎಷ್ಟು ಹೋಯಿತೆಂದು ತೋರಿಸಿ.

ಸರ್ವರ್ ಕಡೆಯ ಕೋಡ್‌ನಲ್ಲಿ ಸರ್ಟಿಫಿಕೇಟ್ (ತಾನು ಯಾರೆಂದು ತಾಣ ತೋರಿಸುವ ಗುರುತುಪತ್ರ) ದೋಷ ಬರುತ್ತದೆ. ಪರಿಶೀಲನೆ ಆರಿಸುವ ಒಂದು ಸಾಲು ಸಿಕ್ಕಿದೆ, ಹಾಕಲೇ?

ಬೇಡ. ಆ ಸಾಲು ಹಾಕಿದ ಮೇಲೆ ಆಚೆ ಕಡೆ ಯಾರಿದ್ದಾರೆಂದು ನಿಮ್ಮ ಕೋಡ್ ನೋಡುವುದನ್ನೇ ಬಿಡುತ್ತದೆ. ‘ಪರೀಕ್ಷೆಗೆ ಮಾತ್ರ’ ಎಂದು ಹಾಕಿದ್ದು ಮರೆತು ಉಳಿಯುತ್ತದೆ. ಸಾಮಾನ್ಯವಾಗಿ ಆ ಸರ್ವರ್ ತನ್ನ ಸರ್ಟಿಫಿಕೇಟನ್ನು ನಂಬಿಕೆಯ ಮೂಲಕ್ಕೆ ಜೋಡಿಸುವ ನಡುವಿನ ಸರ್ಟಿಫಿಕೇಟನ್ನು ಕಳಿಸುತ್ತಿರುವುದಿಲ್ಲ, ಅಥವಾ ಅವಧಿ ಮುಗಿದಿರುತ್ತದೆ. ನಡೆಸುವವರಿಗೆ ತಿಳಿಸಿ, ನಡುವಿನ ಸರ್ಟಿಫಿಕೇಟ್ ಬರುತ್ತಿಲ್ಲವಾದರೆ ಅದನ್ನು ನಿಮ್ಮ ನೋಡ್‌ಗೆ ನೀವೇ ಕೊಡುವ ದಾರಿಯೂ ಇದೆ.

ತರಗತಿಯ ವೈಫೈಯಲ್ಲಿ ಎಲ್ಲವೂ ಸರಿ ಇರುತ್ತದೆ. ಊರಲ್ಲಿ ಹೇಗಿರುತ್ತದೆಂದು ಇಲ್ಲಿಂದಲೇ ನೋಡುವುದು ಹೇಗೆ?

ಎಫ್12ರ ನೆಟ್‌ವರ್ಕ್ ಭಾಗದಲ್ಲಿ ವೇಗವನ್ನು ಕುಗ್ಗಿಸುವ ಆಯ್ಕೆ ಇದೆ. 3ಜಿ ಆರಿಸಿ ಪುಟವನ್ನು ಬಳಸಿ ನೋಡಿ. ಆಮೇಲೆ ರಿಕ್ವೆಸ್ಟ್ ಹೊರಟ ನಡುವೆಯೇ ಆಫ್‌ಲೈನ್ ಮಾಡಿ, ಮತ್ತೆ ಆನ್ ಮಾಡಿ. ನಿಮ್ಮ ಸರ್ವರ್‌ನಲ್ಲಿ ಬೇಕೆಂದೇ ಇಪ್ಪತ್ತು ಸೆಕೆಂಡ್ ತಡಮಾಡಿ ಉತ್ತರಿಸುವ, 500 ಕೊಡುವ, ಖಾಲಿ ಪಟ್ಟಿ ಕೊಡುವ ಮೂರು ವಿಳಾಸಗಳನ್ನು ಇಟ್ಟುಕೊಳ್ಳಿ. ಇಷ್ಟಾದ ಮೇಲೆ ಫೋನ್ ಹಿಡಿದು ಚಿಂಚೋಳಿಯ ಬಸ್ ಹತ್ತಿ, ಕಿಟಕಿ ಪಕ್ಕ ಕೂತು, ಸಿಗ್ನಲ್ ಗೆರೆಗಳು ಒಂದೊಂದಾಗಿ ಆರುವಾಗ ಪುಟ ಏನು ಹೇಳುತ್ತದೆಂದು ಬರೆದುಕೊಳ್ಳಿ. ಆ ಪಟ್ಟಿಯನ್ನು ಮರುದಿನ ತರಗತಿಗೆ ತನ್ನಿ, ಅಲ್ಲಿಂದಲೇ ಶುರು ಮಾಡೋಣ.